ಪಿಕಪ್ಪಿನಲ್ಲಿ ಎರಡು ಮಷೀನಿಗೆ ಜಾಗ

ಮೊನ್ನೆ ವಿಜಯನಗರದ ಅಂಗಡಿಯೊಂದರ ಮುಂದೆ ನಿಂತು, ಒಬ್ಬ ಹುಡುಗಿ ಪಿಕಪ್ಪಿಗೆ ಆಂಪ್ಲಿಫೈಯರ್ ಕೂರಿಸುವುದನ್ನು ನೋಡುತ್ತಿದ್ದೆ. ಪುಸ್ತಕದಷ್ಟು ದಪ್ಪದ ಪೆಟ್ಟಿಗೆ. ಒಂದೇ ಕೈಯಲ್ಲಿ ಎತ್ತಿ ಸೀಟಿನ ಕೆಳಗೆ ತಳ್ಳಿ ನಾಲ್ಕು ಸ್ಕ್ರೂ ಬಿಗಿದಳು, ಮುಗಿಯಿತು. ನಾನೂ ಇದೇ ಕೆಲಸ ಮಾಡುತ್ತಿದ್ದೆ ಎಂದಾಗ ಅವಳಿಗೆ ನಂಬಿಕೆ ಬರಲಿಲ್ಲ. ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳಿದಳು. ಅಲ್ಲೇ ನಿಂತು ಹೇಳಲು ಹೋಗಿದ್ದರೆ ಅವಳ ಅರ್ಧ ದಿನ ಹಾಳಾಗುತ್ತಿತ್ತು. ಮನೆಗೆ ಬಂದು ಬರೆಯಲು ಕೂತೆ. ಈ ಕೆಲಸಕ್ಕೆ ಹೊಸದಾಗಿ ಬರುವ ಬೇರೆಯವರೂ ಓದಿದರೆ ಸಂತೋಷ.

ಎಪ್ಪತ್ತರ ದಶಕದಲ್ಲಿ ಆಂಪ್ಲಿಫೈಯರ್ ಎಂಬ ಮಾತು ಕಾಗದದ ಮೇಲೆ ಮಾತ್ರ ಇತ್ತು. ಬಾಯಲ್ಲಿ ಎಲ್ಲರಿಗೂ ಅದು ಮಷೀನು. ತಗಡಿನ ಪೆಟ್ಟಿಗೆ, ಒಳಗೆ ಗಾಜಿನ ವಾಲ್ವುಗಳು, ಕಬ್ಬಿಣದ ಟ್ರಾನ್ಸ್‌ಫಾರ್ಮರು, ಎಲ್ಲ ಸೇರಿ ತುಂಬಿದ ಕೊಡದಷ್ಟು ಭಾರ. ಸ್ವಿಚ್ಚು ಹಾಕಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಮೊದಲು ಒಳಗೆಲ್ಲೋ ಜುಂಯ್ ಎನ್ನುತ್ತಿತ್ತು. ವಾಲ್ವುಗಳು ಮಂಕಾಗಿ ಹೊತ್ತಿಕೊಂಡು ನಿಧಾನವಾಗಿ ಕೇಸರಿಗೆ ತಿರುಗುತ್ತಿದ್ದವು. ಆಮೇಲೆ, ನಿದ್ದೆಯಿಂದ ಎದ್ದವರ ಹಾಗೆ, ಸದ್ದು ಬರುತ್ತಿತ್ತು. ಆ ಅರ್ಧ ನಿಮಿಷ ಕಾಯುವುದೆಂದರೆ ನನಗೆ ಬಹಳ ಇಷ್ಟ. ನಲವತ್ತು ವರ್ಷ ಕೆಲಸ ಮಾಡಿದ ಮೇಲೆ, ಇವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಬಣ್ಣವೇ.

ರಾಜಾಜಿನಗರದ ಕೈಗಾರಿಕಾ ಷೆಡ್ಡುಗಳ ಸಾಲಿನಲ್ಲಿ ಮಷೀನು ತಯಾರಿಸಿ ಗಾಡಿಗಳಿಗೆ ಕೂರಿಸುವ ವೀರಭದ್ರಪ್ಪನವರದೊಂದು ಸಣ್ಣ ವರ್ಕ್‌ಷಾಪಿತ್ತು. ನಾನು ಅಲ್ಲಿಗೆ ಸೇರಿದ್ದು ಟ್ರಾನ್ಸ್‌ಫಾರ್ಮರಿನ ಕಾಯಿಲಿಗೆ ತಂತಿ ಸುತ್ತುವುದಕ್ಕೆ. ಒಂದು ದಿನ ವ್ಯಾನೊಂದರ ಡ್ಯಾಶ್‌ಬೋರ್ಡಿನ ಹಿಂದೆ ತಂತಿ ಸಿಕ್ಕಿಹಾಕಿಕೊಂಡು, ಅಲ್ಲಿದ್ದ ಗಂಡಸರಲ್ಲಿ ಯಾರ ಕೈಯೂ ಒಳಗೆ ಹೋಗಲಿಲ್ಲ. ನನ್ನ ಕೈ ಮೊಣಕೈವರೆಗೂ ಹೋಯಿತು. ಅವತ್ತಿನಿಂದ ನಾನು ವಾಹನಗಳ ಕೆಲಸದವಳಾದೆ. ಸಣ್ಣ ಮಣಿಕಟ್ಟು ಬಿಟ್ಟರೆ ನನಗೆ ಬೇರೆ ವಿದ್ಯಾರ್ಹತೆ ಇರಲಿಲ್ಲ.

ವೀರಭದ್ರಪ್ಪನವರು ದಾವಣಗೆರೆ ಕಡೆಯವರು. ಹಣೆ ತುಂಬ ವಿಭೂತಿ, ಮೆಲು ಮಾತು. ತಪ್ಪು ಮಾಡಿದವರನ್ನು ಅವರು ಬೈಯುತ್ತಿರಲಿಲ್ಲ, ಕೂರಿಸುತ್ತಿದ್ದರು. ಯಾವ ಗಾಡಿ ಬಂದರೂ ಮೊದಲು ಸ್ಪ್ಯಾನರ್ ಮುಟ್ಟುವ ಹಾಗಿಲ್ಲ. ಒಂದೊಂದು ಸೀಟಿನಲ್ಲೂ ಹೋಗಿ ಸುಮ್ಮನೆ ಕೂತಿರಬೇಕು.

"ಕುಂದ್ರು ತಂಗಿ. ಎಲ್ಲಿ ಜಾಗ ಐತಿ ಅಂತ ಗಾಡೀನ ಹೇಳ್ತತಿ" ಎನ್ನುತ್ತಿದ್ದರು.

ಗಾಡಿ ಹೇಳುತ್ತದೆಂದರೆ ನನಗೆ ನಗು ಬರುತ್ತಿತ್ತು. ಆದರೂ ಕೂರುತ್ತಿದ್ದೆ. ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ, ಪೆಟ್ರೋಲ್ ವಾಸನೆ, ಹೊರಗೆ ಲೇತುಗಳ ಸದ್ದು. ಕೂತು ಕೂತು ತೂಕಡಿಕೆ ಬರುವ ಹೊತ್ತಿಗೆ ಮೊಣಕಾಲಿನ ಪಕ್ಕದಲ್ಲೊಂದು ಸಂದು, ಹೆಗಲ ಹಿಂದೆ ಒಂದು ಪೊಳ್ಳು ತಾನಾಗಿ ಅರಿವಿಗೆ ಬರುತ್ತಿತ್ತು. ಜಾಗ ಹುಡುಕುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ವಾಹನ ಮಾಡಿದವರು ಯಾರೂ ನಮ್ಮ ಮಷೀನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವರಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಗೇಣಿನದು. ಮೂಲೆಗಳಲ್ಲಿ ಟೇಪು ಆಡುವುದಿಲ್ಲ ಎಂದು ನಾವೆಲ್ಲ ಗೇಣು, ಬೆರಳುಗಳಲ್ಲಿ ಅಳೆಯುತ್ತಿದ್ದೆವು. ವ್ಯಾನೊಂದರ ಮಷೀನಿಗೆ ಹೊರಪೆಟ್ಟಿಗೆ ಬೇಕಾಗಿತ್ತು. ಅಳೆದು, ಎರಡು ಗೇಣು ನಾಲ್ಕು ಬೆರಳು ಎಂದು ತಗಡು ಕೆಲಸದ ಟಿಂಕರ್ ಜಬ್ಬಾರ್ ಭಾಯಿಗೆ ಹೇಳಿ ಕಳಿಸಿದೆ. ಅವರು ಸೊಗಸಾದ ಪೆಟ್ಟಿಗೆ ಮಾಡಿ ತಂದರು, ಎರಡು ಗೇಣು ನಾಲ್ಕು ಬೆರಳೇ. ಆದರೆ ಗೇಣೂ ಬೆರಳೂ ಅವರವು, ಮೊರದಷ್ಟು ಅಗಲದ ಅಂಗೈ. ಪೆಟ್ಟಿಗೆ ಬಾಗಿಲಲ್ಲೇ ನಿಂತಿತು. ಭಾಯಿ ನನ್ನ ಅಂಗೈ ಪಕ್ಕ ತಮ್ಮ ಅಂಗೈ ಹಿಡಿದು ತೋರಿಸಿ, ಇನ್ನುಮೇಲೆ ಅಳತೆಯ ಜೊತೆ ಕೈಯನ್ನೂ ಕಳಿಸು ಎಂದರು. ಆಮೇಲೆ ನಾನು ಅಳತೆಗೆ ಸರಿಯಾಗಿ ಕಡ್ಡಿ ಮುರಿದು ಕಳಿಸುವುದನ್ನು ಕಲಿತೆ. ಆ ಪೆಟ್ಟಿಗೆ ಬಹಳ ದಿನ ವರ್ಕ್‌ಷಾಪಿನಲ್ಲಿ ನನ್ನ ಸ್ಟೂಲಾಗಿತ್ತು.

ಹೊಸದಾಗಿ ಕೂರಿಸಿದ ಮಷೀನನ್ನು ಪರೀಕ್ಷೆ ಮಾಡಲು ಕೆಂಗೇರಿ ಕಡೆಗೆ ಹೋಗುತ್ತಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಹೊಲಗಳೇ ಹೆಚ್ಚು. ಬೆಳಿಗ್ಗೆ ಇಬ್ಬನಿಯಲ್ಲಿ ರಾಗಿ ಹೊಲದ ಪಕ್ಕ ಗಾಡಿ ನಿಲ್ಲಿಸಿ, ಮೈಕಿನಲ್ಲಿ ಒಂದು, ಎರಡು, ಮೂರು ಎನ್ನುತ್ತಿದ್ದೆ. ನನ್ನ ದನಿ ಹೊಲ ದಾಟಿ, ಮರಗಳ ಸಾಲು ಮುಟ್ಟಿ, ಸ್ವಲ್ಪ ತಡವಾಗಿ ವಾಪಸು ಬರುತ್ತಿತ್ತು. ಬರುವಾಗ ಅದು ನನ್ನದೆನಿಸುತ್ತಿರಲಿಲ್ಲ. ನನಗಿಂತ ಧೈರ್ಯವಿರುವ ಯಾರೋ ಅತ್ತ ಕಡೆ ನಿಂತು ಎಣಿಸುತ್ತಿದ್ದಾರೆ ಅನಿಸುತ್ತಿತ್ತು. ಗಾಡಿಯ ಮೇಲೆ ಕಟ್ಟುವ ಎರಡು ಹಾರ್ನು ಸ್ಪೀಕರುಗಳಲ್ಲಿ ಒಂದರ ತಂತಿ ಅದಲು ಬದಲಾಗಿದ್ದರೆ ದನಿ ತೆಳುವಾಗಿ ಬರುತ್ತದೆಂದು ಕಲಿತದ್ದೂ ಅಲ್ಲೇ.

ಇಷ್ಟು ಪೀಠಿಕೆ ಸಾಕು. ನಾನು ನಿಜವಾಗಿ ಹೇಳಬೇಕಾಗಿರುವುದು ಗೌರಕ್ಕನ ವಿಷಯ.

ನಂಜುಂಡಪ್ಪ ಎಂಬವನ ಬಳಿ ಒಂದು ಹಳೆಯ ಪಿಕಪ್ ಇತ್ತು. ಬೆಳಿಗ್ಗೆ ಹೊತ್ತು ಅದು ಪ್ರಚಾರದ ಗಾಡಿ, ಮಧ್ಯಾಹ್ನದ ಮೇಲೆ ವಿಜಯನಗರ, ಬಸವೇಶ್ವರನಗರಗಳಲ್ಲಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ, ಸಿಮೆಂಟು ಹೊರುವ ಗಾಡಿ. ಅವನು ಡ್ರೈವರು. ಪ್ರಚಾರದ ಮಾತು ಅವನ ಅಕ್ಕ ಗೌರಮ್ಮನದು, ನಮಗೆಲ್ಲ ಗೌರಕ್ಕ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವರ ಎರಡೂ ಕಣ್ಣು ಹೋಗಿದ್ದವು. ಬರೆದುಕೊಟ್ಟ ಕಾಗದವನ್ನು ನಂಜುಂಡಪ್ಪ ಎರಡು ಸಲ ಓದಿ ಹೇಳಿದರೆ ಸಾಕು, ಗೌರಕ್ಕನಿಗೆ ಬಾಯಿಪಾಠ. ಕೇಳಿದವರು ಕೆಲಸ ಬಿಟ್ಟು ಬಾಗಿಲಿಗೆ ಬರುವಂಥ ದನಿ ಅದು. ಗಟ್ಟಿ ಅಲ್ಲ, ಆದರೆ ನಿಮ್ಮೊಬ್ಬರಿಗೇ ಹೇಳುತ್ತಿರುವ ಹಾಗೆ ಇರುತ್ತಿತ್ತು.

ಅವರ ಮಷೀನು ಇರುತ್ತಿದ್ದದ್ದು ಅವರ ತೊಡೆಯ ಮೇಲೆ. ತಮಾಷೆಯಲ್ಲ. ಹಿಂದೆ ಇಡೋಣವೆಂದರೆ ಇಟ್ಟಿಗೆ ಧೂಳು, ಮಳೆ. ಡ್ಯಾಶ್‌ಬೋರ್ಡಿನ ಕೆಳಗೆ ಮೊಣಕಾಲು, ಗೇರು ರಾಡು. ಡ್ರೈವರ್ ಸೀಟಿನ ಕೆಳಗೆ ಬ್ಯಾಟರಿ. ಹಾಗಾಗಿ ಏಳು ವರ್ಷದಿಂದ ಕಂಬಳಿ ಮಡಿಸಿ ತೊಡೆಯ ಮೇಲೆ ಹಾಕಿಕೊಂಡು, ಅದರ ಮೇಲೆ ಮಷೀನಿಟ್ಟುಕೊಂಡು, ಅದನ್ನು ಎಡಗೈಯಲ್ಲಿ ತಬ್ಬಿ, ಬಲಗೈಯಲ್ಲಿ ಮೈಕು ಹಿಡಿಯುತ್ತಿದ್ದರು. ಬೇಸಿಗೆಯಲ್ಲಿ ತೊಡೆ ಬೆಂದು ಕಪ್ಪಾಗುತ್ತಿತ್ತು ಎಂದು ನಂಜುಂಡಪ್ಪನೇ ಹೇಳಿದ್ದ.

ಒಂದು ಸೀರೆ ಅಂಗಡಿಯವರು ಅವರಿಗೆ ಇಡೀ ವರ್ಷದ ಪ್ರಚಾರ ಕೊಡುವುದಾಗಿ ಒಪ್ಪಿಕೊಂಡರು. ಆದರೆ ಎರಡು ಹಾರ್ನು ಸಾಲದು, ನಾಲ್ಕು ಬೇಕು ಎಂದರು. ನಾಲ್ಕು ಹಾರ್ನಿಗೆ ಒಂದು ಮಷೀನು ಸಾಲುವುದಿಲ್ಲ, ಎರಡು ಬೇಕು. ನಂಜುಂಡಪ್ಪ ಅಕ್ಕನನ್ನು ಕರೆದುಕೊಂಡು ವರ್ಕ್‌ಷಾಪಿಗೆ ಬಂದ. ಬಂದವನೇ ನನ್ನನ್ನು ಬದಿಗೆ ಕರೆದು ತನ್ನ ಯೋಚನೆ ಹೇಳಿದ. ಅಕ್ಕನ ಸೀಟು ತೆಗೆದು ಅಲ್ಲಿ ಎರಡೂ ಮಷೀನು ಇಟ್ಟುಬಿಡುವುದು. ಅವಳು ಮನೆಯಲ್ಲಿ ಆರಾಮಾಗಿರಲಿ, ಮಾತು ತಾನೇ ಆಡುತ್ತೇನೆ. ಅವನದು ಕೆಟ್ಟ ಮನಸ್ಸಲ್ಲ. ಅಕ್ಕನ ಬೆಂದ ತೊಡೆ ಅವನನ್ನು ಕಾಡುತ್ತಿತ್ತು. ಆದರೆ ಗೌರಕ್ಕ ಗಾಡಿಯಿಂದ ಇಳಿಯಲೇ ಇಲ್ಲ. ನಾವು ಮಾತಾಡುತ್ತಿದ್ದ ಕಡೆಗೆ ಕಿವಿ ಕೊಟ್ಟು, ಸೀಟಿನ ಅಂಚನ್ನು ಹಿಡಿದು ಕೂತಿದ್ದರು. ಆ ಕೈ ನೋಡಿ, ಸೀಟು ತೆಗೆಯದೆ ಜಾಗ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಕೂತು ನೋಡಿದೆ. ಅವರ ಸೀಟಿನ ಕೆಳಗೆ ಜಾಕಿ, ಸ್ಪ್ಯಾನರು ಇಡುವ ಪೊಳ್ಳಿತ್ತು. ಅದನ್ನು ಖಾಲಿ ಮಾಡಿದರೆ ಎರಡು ಮಷೀನು ಅಕ್ಕಪಕ್ಕ ಹೇಳಿ ಮಾಡಿಸಿದ ಹಾಗೆ ಕೂರುತ್ತಿದ್ದವು. ಬ್ಯಾಟರಿ ಪಕ್ಕದಲ್ಲೇ. ಮಳೆ, ಧೂಳು ಇಲ್ಲ. ಖುಷಿಯಿಂದ ಹೋಗಿ ಹೇಳಿದೆ.

ಗೌರಕ್ಕ ತೊಡೆಯ ಮೇಲಿದ್ದ ಮಷೀನನ್ನು ಒಮ್ಮೆ ಸವರಿದರು. ಆಮೇಲೆ, "ಏಳು ವರ್ಷ ತೊಡೆ ಮೇಲೆ ಇಟ್ಕೊಂಡಿದೀನಿ ಕಣವ್ವ. ಆಯುಧಪೂಜೇಲಿ ಅರಿಶಿನ ಕುಂಕುಮ ಇಟ್ಟು ಕೈ ಮುಗ್ದಿದೀನಿ. ಈಗ ಅದರ ಮೇಲೆ ಕುಂಡಿ ಊರಿ ಕೂತ್ಕೊಳ್ಳಾ? ನನ್ನ ಕೈಲಾಗಲ್ಲ" ಎಂದರು.

ಇಲ್ಲಿ ನಾನು ತಪ್ಪು ಮಾಡಿದೆ. ಅವರ ಮಾತು ಅರ್ಥವಾಗಲಿಲ್ಲವೆಂದಲ್ಲ. ನಮ್ಮ ಮನೆಯಲ್ಲೂ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಆದರೆ ನನಗೆ ಆ ಜಾಗದ ಮೇಲೆ ಮೋಹ ಹುಟ್ಟಿಬಿಟ್ಟಿತ್ತು. ಅಷ್ಟು ಹದವಾದ ಜಾಗ ಬಿಡಲು ಮನಸ್ಸು ಬರಲಿಲ್ಲ. ಅದು ಬಿಟ್ಟರೆ ಅವರ ಸೀಟೇ ಹೋಗುತ್ತದೆ ಎಂಬ ನೆಪವೂ ಇತ್ತು. ನಂಜುಂಡಪ್ಪನಿಗೆ ಕಣ್ಸನ್ನೆ ಮಾಡಿದೆ, ಅವನು ತಲೆ ತಗ್ಗಿಸಿದ. ಎರಡು ದಿನದಲ್ಲಿ ಮಷೀನುಗಳನ್ನು ಸೀಟಿನ ಕೆಳಗೇ ಕೂರಿಸಿದೆ. ಎಲ್ಲಿಟ್ಟೆ ತಾಯಿ ಎಂದು ಗೌರಕ್ಕ ಕೇಳಿದಾಗ, ಟಾಪಿನ ಮೇಲೆ ಪೆಟ್ಟಿಗೆ ಮಾಡಿ ಇಟ್ಟಿದ್ದೇನೆ ಎಂದೆ. ಕಣ್ಣಿಲ್ಲದವರಿಗೆ ಸುಳ್ಳು ಹೇಳುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಅವರು ಹತ್ತಿ ಕೂತರು. ಸ್ವಿಚ್ಚು ಹಾಕಿದೆ. ಅರ್ಧ ನಿಮಿಷ ಕಾದೆವು. ಅವರ ಅಂಗೈ ಸೀಟಿನ ಮೇಲೆ ಒಮ್ಮೆ ಊರಿ, ಮತ್ತೆ ಎದ್ದಿತು. ನಾಲ್ಕೂ ಹಾರ್ನಿನಿಂದ ದನಿ ತುಂಬಿಕೊಂಡು ಬಂತು. ಚೆನ್ನಾಗಿ ಮಾಡಿದ್ದೀಯ ತಾಯಿ ಎಂದು ನನ್ನ ತಲೆ ಸವರಿದರು. ನಾನು ಗೆದ್ದೆ ಎಂದುಕೊಂಡೆ.

ಸುಮಾರು ಎರಡು ವಾರ ಕಳೆದಿರಬೇಕು. ನಮ್ಮದು ಗೋವಿಂದರಾಜನಗರದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಮಾಗಡಿ ರಸ್ತೆಗೆ ಬಂದು ಬಸ್ಸಿಗೆ ನಿಂತಿದ್ದೆ. ಮಂಜು ಇನ್ನೂ ಕರಗಿರಲಿಲ್ಲ, ರಸ್ತೆಯ ಆಚೆ ಬದಿ ಕಾಣುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಗೌರಕ್ಕನ ದನಿ ಕೇಳಿಸಿತು. ಅಮ್ಮಂದಿರೇ, ಅಕ್ಕಂದಿರೇ ಎನ್ನುತ್ತ ಅದು ಮಂಜಿನೊಳಗಿಂದ ತೇಲಿ ಬರುತ್ತಿತ್ತು. ನಾನು ಕೂರಿಸಿದ ಮಷೀನು ಎಂದು ಹೆಮ್ಮೆಯಿಂದ ನಿಂತೆ. ಪಿಕಪ್ ಹತ್ತಿರ ಬಂತು. ನಂಜುಂಡಪ್ಪನ ಪಕ್ಕದ ಸೀಟು ಖಾಲಿ ಇತ್ತು.

ಗಾಡಿ ನನ್ನನ್ನು ದಾಟಿದ ಮೇಲೆ ಹಿಂಭಾಗ ಕಾಣಿಸಿತು. ಇಟ್ಟಿಗೆ ತುಂಬುವ ಜಾಗದಲ್ಲಿ, ಗೋಣಿಚೀಲದ ಮೇಲೆ, ಒಂದು ಕಂಬಳಿಯ ಗುಪ್ಪೆ ಕೂತಿತ್ತು. ಮಾತು ಬರುತ್ತಿದ್ದದ್ದು ಅದರೊಳಗಿಂದ.

ಮೈಕು ಹಾರ್ನಿಗೆ ಎದುರಾದರೆ ಮಷೀನು ಕಿರುಚಿಕೊಳ್ಳುತ್ತದೆ. ಅದು ಆಗದಿರಲೆಂದು ಗೌರಕ್ಕ ಕಂಬಳಿಯನ್ನು ತಲೆ ತುಂಬ ಮುಸುಕು ಹಾಕಿ, ಒಳಗೆ ಮೈಕು ಹಿಡಿದು ಕೂತಿದ್ದರು. ಕೂಗಿ ಗಾಡಿ ನಿಲ್ಲಿಸಿದೆ. ಮೊದಲ ದಿನದಿಂದಲೂ ಹೀಗೇ ಎಂದು ನಂಜುಂಡಪ್ಪ ಹೇಳಿದ. ಯಾಕೆಂದು ಕೇಳಿದರೆ ಗಾಳಿ ಚೆನ್ನಾಗಿರುತ್ತೆ ಅನ್ನುತ್ತಾಳಂತೆ. ಹುಡುಗಿ ಕೆಲಸಕ್ಕೆ ಕುತ್ತು ಬಂದೀತು, ಷೆಡ್ಡಿನಲ್ಲಿ ಯಾರಿಗೂ ಹೇಳಬೇಡ ಎಂದು ಅವನಿಂದ ಮಾತು ತೆಗೆದುಕೊಂಡಿದ್ದರಂತೆ.

ಹಿಂದೆ ಹತ್ತಿ ಅವರ ಪಕ್ಕ ಕೂತೆ. ತಪ್ಪಾಯಿತು ಎನ್ನಲು ಹೋದರೆ ಅಳು ಬಂತು. ಅವರು ಕಂಬಳಿ ಸರಿಸಿ ನನ್ನ ಮೇಲೂ ಹೊದಿಸಿದರು. ಹಿಂದೆ ಕೂತರೆ ಚಳಿ, ಧೂಳು, ಬಿದ್ದರೆ ಗತಿಯೇನು, ಮನೆಯಲ್ಲಾದರೂ ಇರಬಾರದೇ ಎಂದೆ.

"ಮನೇಲಿ ಕೂತ್ರೆ ನನಗೆ ನಾಕು ಗೋಡೆ ಅಷ್ಟೇ. ಗಾಡೀಲಿ ಕೂತ್ರೆ ಬೀದಿ ಎಲ್ಲಾ ನಂದು" ಎಂದರು ಗೌರಕ್ಕ.

ವೀರಭದ್ರಪ್ಪನವರಿಗೆ ಎಲ್ಲ ಒಪ್ಪಿಸಿದೆ. ಆಗಲೂ ಅವರು ಬೈಯಲಿಲ್ಲ. ಅವತ್ತು ಮಧ್ಯಾಹ್ನ ಪಿಕಪ್ ತರಿಸಿ, ಮಷೀನು ಚಾಲು ಮಾಡಿ, ನನ್ನನ್ನು ಗೌರಕ್ಕನ ಸೀಟಿನಲ್ಲಿ ಕೂರಿಸಿದರು. ಮೊದಲೇ ಕೂತಿದ್ದೆನಲ್ಲ ಸಾರ್ ಎಂದೆ.

"ಕಣ್ಣು ಮುಚ್ಚಿ ಕುಂತಿದ್ದೇನು?" ಎಂದು ಕೇಳಿದರು.

ಕಣ್ಣು ಮುಚ್ಚಿದೆ. ಮೊದಲು ಬೆಚ್ಚಗೆನಿಸಿತು. ಆಮೇಲೆ ಜುಂಯ್ ಎನ್ನುವ ನಡುಕ ಸೀಟಿನಿಂದ ಬೆನ್ನುಹುರಿಗೆ ಹತ್ತಿ, ಕುತ್ತಿಗೆಗೆ ಬಂತು. ಎಡಕ್ಕೊಂದು, ಬಲಕ್ಕೊಂದು, ಎರಡನ್ನೂ ಬೇರೆ ಬೇರೆ ಎಣಿಸಬಹುದಾಗಿತ್ತು. ಏಳು ವರ್ಷ ತಬ್ಬಿಕೊಂಡು ಕೂತವರಿಗೆ ಇದು ತಿಳಿಯದೇ ಇರುತ್ತದೆಯೇ? ಅವತ್ತು ಅವರು ಕೈ ಊರಿ ಎತ್ತಿದ ಕ್ಷಣದಲ್ಲೇ ಎಲ್ಲ ಗೊತ್ತಾಗಿತ್ತು. ಗೊತ್ತಾಗಿಯೂ ನನ್ನ ತಲೆ ಸವರಿದ್ದರು. ನಾಚಿಕೆಯಿಂದ ಕಣ್ಣು ಬಿಡಲು ಆಗಲಿಲ್ಲ.

ಜಾಗ ತೋರಿಸಿದ್ದು ಕೊನೆಗೆ ಗೌರಕ್ಕನೇ. ಕ್ಯಾಬಿನ್ನಿನ ಹಿಂಗೋಡೆಯಲ್ಲಿ ಎರಡು ಗಾಜಿದ್ದವು, ಡ್ರೈವರಿನ ಹಿಂದೊಂದು, ಅವರ ಹಿಂದೊಂದು. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವರು ಹಿಂದಕ್ಕೆ ಕೈ ಚಾಚಿ ಗಾಜನ್ನು ಬೆರಳಿನಿಂದ ಕುಟ್ಟಿದರು. ಇದನ್ನು ತೆಗಿ, ನಾನೇನು ಹಿಂದೆ ತಿರುಗಿ ಯಾರನ್ನ ನೋಡಬೇಕಾಗಿದೆ ಎಂದು ನಕ್ಕರು.

ಗಾಜು ತೆಗೆದೆ. ಅಲ್ಲಿ ಉಳಿದ ಚೌಕ ಕಿಂಡಿ ನೋಡುತ್ತಿದ್ದ ಹಾಗೆ ನಮ್ಮ ಮನೆಯ ಗೋಡೆಯ ಗೂಡು ನೆನಪಾಯಿತು. ಸಂಜೆ ಅಮ್ಮ ಅದರಲ್ಲಿ ದೀಪ ಇಡುತ್ತಿದ್ದಳು. ಗಾಡಿಗೂ ಒಂದು ಗೂಡು ಮಾಡಿದರಾಯಿತು. ಕಡ್ಡಿ ಮುರಿದು ಅಳತೆ ಕೊಟ್ಟೆ, ಜಬ್ಬಾರ್ ಭಾಯಿ ಕ್ಯಾಬಿನ್ನಿನಿಂದ ಹಿಂದಕ್ಕೆ ಚಾಚುವ ಹಾಗೆ ತಗಡಿನ ಗೂಡು ಮಾಡಿದರು. ಇಟ್ಟಿಗೆಯ ರಾಶಿಗಿಂತ ಎತ್ತರದಲ್ಲಿ, ಮಳೆ ಬೀಳದ ಹಾಗೆ ಸೂರು ಇಳಿಸಿ, ಬಿಸಿ ಹೊರಹೋಗಲು ಹಿಂಬದಿಗೆ ಸಣ್ಣ ತೂತುಗಳನ್ನು ಕೊರೆದರು. ಕೆಳಗೊಂದು, ಮೇಲೊಂದು ಮಷೀನು. ಸದ್ದಿನ ತಿರುಪುಗಳೆಲ್ಲ ಕ್ಯಾಬಿನ್ ಕಡೆಗೆ, ಗೌರಕ್ಕನ ಕಿವಿಯ ಮಟ್ಟಕ್ಕೆ. ಮೊದಲೆಲ್ಲ ಸದ್ದು ಏರಿಸಲು ಇಳಿಸಲು ನಂಜುಂಡಪ್ಪ ಗಾಡಿ ನಿಲ್ಲಿಸಿ ಕೈ ಹಾಕಬೇಕಿತ್ತು. ಈಗ ಅವರೇ ಹಿಂದಕ್ಕೆ ಕೈ ಚಾಚಿ ತಿರುಗಿಸುತ್ತಿದ್ದರು. ಆಸ್ಪತ್ರೆ, ಶಾಲೆ ಹತ್ತಿರ ಬಂದಾಗ ವಾಸನೆಯಿಂದಲೋ ಸದ್ದಿನಿಂದಲೋ ತಿಳಿದು ದನಿ ತಗ್ಗಿಸುತ್ತಿದ್ದರು.

ಮೊದಲ ಸಲ ಚಾಲು ಮಾಡಿದ ದಿನ ಗೌರಕ್ಕ ಕುಂಕುಮದ ಬೆರಳನ್ನು ತಡವರಿಸುತ್ತ ಗೂಡಿನ ಮೂಲೆಗೆ ಒತ್ತಿದರು. ಆಮೇಲೆ ಸೀಟಿನ ಮೇಲೆ ಎರಡೂ ಅಂಗೈ ಊರಿ, ಅದು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡು, ಒರಗಿ ಕೂತರು. ಮಷೀನುಗಳ ಮುಂದಿನ ಜಾಲರಿಯ ಹಿಂದೆ ವಾಲ್ವುಗಳು ಕೇಸರಿಗೆ ತಿರುಗಿದವು. ಆ ಬೆಳಕು ಅವರ ನರೆತ ಕೂದಲಿಗೆ ಬಿದ್ದಿತ್ತು. ಅವರಿಗೆ ಅದು ಕಾಣಲಿಲ್ಲವಲ್ಲ ಎಂದು ನಾನು ಬಹಳ ವರ್ಷ ಕೊರಗಿದ್ದೇನೆ.

ಆಮೇಲೆ ಬೇರೆ ಪ್ರಚಾರದ ಗಾಡಿಯವರೂ ಬಂದು ನಮಗೂ ಒಂದು ಗೂಡು ಮಾಡಿಕೊಡಿ ಎನ್ನತೊಡಗಿದರು. ನಮ್ಮ ಕಡೆಯ ವರ್ಕ್‌ಷಾಪುಗಳಲ್ಲಿ ಗೂಡು ಎಂಬ ಹೆಸರೇ ಉಳಿಯಿತು. ಆ ದಶಕ ಮುಗಿಯುತ್ತ ಬಂದ ಹಾಗೆ ಟ್ರಾನ್ಸಿಸ್ಟರ್ ಮಷೀನುಗಳು ಬಂದವು. ಹಗುರ, ತಣ್ಣಗೆ, ಒತ್ತಿದ ತಕ್ಷಣ ಮಾತು. ಒಳ್ಳೆಯದೇ ಆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಗೌರಕ್ಕನ ಗೂಡಿನಿಂದ ಎರಡು ಹಳೆಯ ಮಷೀನು ಇಳಿಸಿ ಒಂದು ಹೊಸದನ್ನು ಇಟ್ಟವಳೂ ನಾನೇ. ಗೂಡು ಮುಕ್ಕಾಲು ಪಾಲು ಖಾಲಿ ಉಳಿಯಿತು. ಅದರಲ್ಲಿ ಅವರು ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದರು.

ಮಾರನೆಯ ವರ್ಷ ನಂಜುಂಡಪ್ಪ ಮತ್ತೆ ಬಂದ. ಅವನ ಕೈಯಲ್ಲಿ ಒಂದು ಕ್ಯಾಸೆಟ್ ಪ್ಲೇಯರ್ ಇತ್ತು. ಅಕ್ಕನ ಮಾತನ್ನು ಒಂದು ಸಲ ಇದರಲ್ಲಿ ತುಂಬಿಸಿಬಿಟ್ಟರೆ ಆಯಿತು, ಅವಳಿಗೂ ವಯಸ್ಸಾಯಿತು, ಮನೆಯಲ್ಲಿ ಹಾಯಾಗಿರಲಿ, ಇದಕ್ಕೊಂದು ಜಾಗ ನೋಡಿ ಎಂದ. ಈ ಸಲವೂ ಅವನದು ಕೆಟ್ಟ ಮನಸ್ಸಲ್ಲ. ಗೌರಕ್ಕ ಸೀಟಿನಲ್ಲಿದ್ದರು. ಅವರ ಕೈ ಸೀಟಿನ ಅಂಚನ್ನು ಹಿಡಿದಿತ್ತು, ವರ್ಷಗಳ ಹಿಂದೆ ಹಿಡಿದಿದ್ದ ಹಾಗೆಯೇ.

ನಾನು ಡ್ರೈವರ್ ಸೀಟಿನಲ್ಲಿ ಹೋಗಿ ಕೂತೆ. ಕಣ್ಣು ಮುಚ್ಚಿಕೊಂಡು ಕೂತೆ. ಡ್ಯಾಶ್‌ಬೋರ್ಡಿನ ಕೆಳಗೆ ಅದಕ್ಕೆ ಜಾಗವಿತ್ತು. ಬಾಗಿಲ ಪಕ್ಕದಲ್ಲಿತ್ತು. ಗೂಡಿನಲ್ಲಂತೂ ಅಂಥ ಮೂರು ಇಡಬಹುದಿತ್ತು. ಗಾಡಿ ಅಷ್ಟನ್ನೂ ಹೇಳಿತು. ಇಳಿದು ಬಂದು ನಂಜುಂಡಪ್ಪನಿಗೆ ಜಾಗ ಇಲ್ಲ ಎಂದೆ.

ಅವನು ಒಮ್ಮೆ ಕೈಯಲ್ಲಿದ್ದ ಪೆಟ್ಟಿಗೆಯನ್ನು, ಒಮ್ಮೆ ನನ್ನನ್ನು ನೋಡಿದ. ಇಷ್ಟು ಸಣ್ಣದಕ್ಕೂ ಇಲ್ಲವೇ ಎಂದ. ಗೂಡಿನಲ್ಲಾದರೂ ಎಂದ.

ಗೌರಕ್ಕ ಹಿಂದಕ್ಕೆ ಕೈ ಚಾಚಿ ಗೂಡಿನೊಳಗೆ ಹಾಕಿದರು. ಆ ಮೂಲೆಯಿಂದ ಈ ಮೂಲೆಯವರೆಗೆ, ಕೆಳಗಿನಿಂದ ಮೇಲಿನವರೆಗೆ, ಖಾಲಿಯನ್ನೆಲ್ಲ ನಿಧಾನವಾಗಿ ಸವರಿದರು. ಆಮೇಲೆ ಕೈ ಹೊರಗೆ ತೆಗೆದು ಮೈಕು ಎತ್ತಿಕೊಂಡರು.

"ಆ ಹುಡುಗಿ ಸುಳ್ಳು ಹೇಳೋಳಲ್ಲ ಕಣೋ ನಂಜುಂಡ. ಜಾಗ ಇಲ್ಲ. ನಡಿ, ಹೊತ್ತಾಯ್ತು."